ಷಡ್ಡಕನ ರೂಪಾಯಿಗೆ ಅರವತ್ತೆರಡು

ಮದುವೆಯಾಗುವ ಹುಡುಗರಿಗೆ ನನ್ನದೊಂದು ಕಿವಿಮಾತು. ಹುಡುಗಿಯನ್ನು ನೋಡಿ, ಬೇಡವೆನ್ನುವುದಿಲ್ಲ. ಅವಳ ಅಪ್ಪ ಅಮ್ಮನನ್ನೂ ನೋಡಿ. ಆದರೆ ಎಲ್ಲಕ್ಕಿಂತ ಮೊದಲು ಅವಳ ಅಕ್ಕನ ಗಂಡನನ್ನು ನೋಡಿ. ಹೆಂಡತಿಯ ಜೊತೆ ಹೇಗೋ ಹೊಂದಿಕೊಂಡು ಬಾಳಬಹುದು. ಮಾವನವರು ಹಬ್ಬಕ್ಕೆ ಬಂದು ಹೋಳಿಗೆ ತಿಂದು ಹೋಗುತ್ತಾರೆ. ಷಡ್ಡಕನೆಂಬ ಪ್ರಾಣಿ ಮಾತ್ರ ನೀವು ಎಲ್ಲಿ ನಿಂತರೂ ಪಕ್ಕದಲ್ಲೇ ಅಳತೆಗೋಲಿನ ಹಾಗೆ ನಿಂತಿರುತ್ತಾನೆ. ನಿಮ್ಮ ಸಂಬಳ, ನಿಮ್ಮ ಕಾರು, ನಿಮ್ಮ ತಲೆಗೂದಲು ಎಲ್ಲವನ್ನೂ ಜನ ಅವನ ಪಕ್ಕಕ್ಕಿಟ್ಟು ನೋಡುತ್ತಾರೆ.

ನನ್ನ ಷಡ್ಡಕನ ಹೆಸರು ಲಿಂಗರಾಜ. ಸೂರತ್ತಿನ ಹಜೀರಾದಲ್ಲಿ ಒಂದು ಉಕ್ಕಿನ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ದೊಡ್ಡ ಹುದ್ದೆ, ಕಂಪನಿ ಕಾಲೊನಿಯಲ್ಲಿ ಮನೆ. ಪ್ರಮಾಣಪತ್ರವಿಲ್ಲದೆ ಕೊತ್ತಂಬರಿ ಸೊಪ್ಪನ್ನೂ ಕೊಳ್ಳದ ಮನುಷ್ಯ. ನಾನು ಅದಕ್ಕೆ ತದ್ವಿರುದ್ಧ. ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೂದಲು ಉದುರಿಸಿಕೊಂಡವನು ನಾನು. ವಟ್ವಾದ ಬಣ್ಣದ ಕಾರ್ಖಾನೆಗಳಲ್ಲಿ ಎಲ್ಲಿ ಬೆಂಕಿ ಬಿದ್ದರೂ ಸುಟ್ಟ ಮಾಲಿನ ಪಟ್ಟಿ ನನ್ನ ಮೇಜಿಗೆ ಬರುತ್ತದೆ, ಆ ಪಟ್ಟಿಯ ಪ್ರಕಾರ ಖಾಲಿ ಗೋದಾಮು ಅಹಮದಾಬಾದಿನಲ್ಲಿ ಇದುವರೆಗೆ ಒಂದೂ ಸುಟ್ಟಿಲ್ಲ. ಹೀಗಾಗಿ ಮೊಹರು ಕಂಡರೆ ನನಗೆ ಮೊದಲು ಅನುಮಾನ ಬರುತ್ತದೆ. ಒಂದೂವರೆ ವರ್ಷದ ಹಿಂದೆ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ವರ್ಗವಾದಾಗ, ಅಕ್ಕ ಹತ್ತಿರವಾದಳೆಂದು ನನ್ನ ಹೆಂಡತಿ ಮೀರಾ ಕುಣಿದಾಡಿದಳು. ಅದೇ ಕಾರಣಕ್ಕೆ ನಾನು ವರ್ಗ ರದ್ದು ಮಾಡಿಸಲು ಓಡಾಡಿದೆ. ಗೆದ್ದವಳು ಯಾರೆಂದು ಹೇಳಬೇಕಾಗಿಲ್ಲ, ಈಗ ನಾವು ಅಹಮದಾಬಾದಿನ ಅಂಚಿನ ಬಡಾವಣೆಯಾದ ಬೋಪಾಲ್‌ನ ಒಂದು ಎತ್ತರದ ಕಟ್ಟಡದಲ್ಲಿದ್ದೇವೆ.

ಇನ್ನು ಮಾವನವರು. ಹೆಸರು ಗುಂಡಪ್ಪ, ತಿಪಟೂರಿನ ನಿವೃತ್ತ ಪೋಸ್ಟ್ ಮಾಸ್ಟರು. ಸರ್ವೀಸಿನುದ್ದಕ್ಕೂ ಕಣ್ಣಿಗೆ ಬಿದ್ದ ಹಳೆಯ ನಾಣ್ಯಗಳನ್ನೆಲ್ಲ ತಮ್ಮ ಜೇಬಿನಿಂದ ಬದಲಿ ಕಾಸು ಕೊಟ್ಟು ಎತ್ತಿಟ್ಟುಕೊಂಡು, ಒಂದು ತಗಡಿನ ಪೆಟ್ಟಿಗೆ ತುಂಬಿದ್ದಾರೆ. ನಾಣ್ಯಶಾಸ್ತ್ರವೇನೂ ಅವರಿಗೆ ಗೊತ್ತಿಲ್ಲ, ಬರೀ ಪ್ರೀತಿ. ನನ್ನ ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ, ಕಿಟಕಿಯ ಬಳಿ ಕೂತು ಒಂದೊಂದನ್ನೇ ತೆಗೆದು ನನ್ನ ಅಂಗೈ ಮೇಲಿಟ್ಟು, ಇದು ಯಾರು ತಂದದ್ದು, ಯಾವ ಮನಿಯಾರ್ಡರಿಗೆ ಬಂದದ್ದು ಎಂದು ಕಥೆ ಹೇಳಿದ್ದರು. ಕರೆಂಟು ಬಂದರೂ ನಾವಿಬ್ಬರೂ ಏಳಲಿಲ್ಲ. ಆ ಪೆಟ್ಟಿಗೆಯಿಂದ ಹೊರಗೆ ಹೋದದ್ದು ಎರಡೇ ನಾಣ್ಯ. ಐದನೇ ಜಾರ್ಜ್ ದೊರೆಯ ತಲೆಯಿದ್ದ ಬೆಳ್ಳಿ ರೂಪಾಯಿಗಳು, ಎರಡರಲ್ಲೂ ಒಂದೇ ಇಸವಿ. ಒಂದನ್ನು ದೊಡ್ಡ ಮಗಳು ಇಂದಿರೆಯ ಮದುವೆಯಲ್ಲಿ ಲಿಂಗರಾಜನಿಗೆ ಕೊಟ್ಟರು, ಇನ್ನೊಂದನ್ನು ನನಗೆ.

ಈ ಸಂಕ್ರಾಂತಿಯಂದು ಮಾವನವರು ಫೋನಿನಲ್ಲಿ ಒಂದು ಬಾಂಬು ಹಾಕಿದರು.

"ನನಗೂ ವಯಸ್ಸಾಯ್ತು ಅಳಿಯಂದ್ರೇ. ಪೆಟ್ಟಿಗೇನ ಒಬ್ಬರಿಗೇ ಕೊಡ್ತೀನಿ, ಹಂಚಲ್ಲ. ಹಂಚಿದ್ರೆ ಅದು ಚಿಲ್ಲರೆ ಆಗೋಗುತ್ತೆ. ನಾನು ಕೊಟ್ಟ ಒಂದು ರೂಪಾಯಿನ ಯಾರು ಜೋಪಾನವಾಗಿ ಇಟ್ಟಿದಾರೋ ಅವರಿಗೆ ಪೆಟ್ಟಿಗೆ. ಗೌರಿ ಹಬ್ಬಕ್ಕೆ ನಿಮ್ಮಲ್ಲಿಗೇ ಬರ್ತೀನಿ. ಲಿಂಗರಾಜಪ್ಪನೋರೂ ಬರ್ಲಿ. ಇಬ್ರೂ ತೋರ್ಸಿ."

ಆ ಪೆಟ್ಟಿಗೆ ನನಗೆ ಬೇಕಿತ್ತು. ಮುಚ್ಚುಮರೆ ಯಾಕೆ, ಬೇಕೇ ಬೇಕಿತ್ತು. ಅರ್ಧ ಆಸೆ ಆ ಮಧ್ಯಾಹ್ನದ ನೆನಪಿನದು. ಉಳಿದರ್ಧ, ಅದು ಹಜೀರಾಕ್ಕೆ ಹೋಗಬಾರದೆಂಬುದು. (ಯಾವ ಅರ್ಧ ದೊಡ್ಡದು ಎಂದು ಕೇಳಬೇಡಿ.)

ಫೆಬ್ರವರಿಯಲ್ಲಿ 'ಗುಂಡಪ್ಪ ಪರಿವಾರ' ಎಂಬ ನಮ್ಮ ವಾಟ್ಸಾಪ್ ಗುಂಪಿಗೆ ಲಿಂಗರಾಜನ ಒಂದು ಫೋಟೋ ಬಂತು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಜಾರ್ಜ್ ದೊರೆ ಕೂತಿದ್ದ, ಗಾಜಿನ ಪೆಟ್ಟಿಗೆಯೊಳಗಿನ ಮೈಸೂರು ಪಾಕಿನ ಹಾಗೆ. ಮೇಲೆ ಒಂದು ಚೀಟಿ, ಚೀಟಿಯಲ್ಲಿ ಅರವತ್ತೆರಡು ಎಂಬ ಅಂಕಿ.

"ಏನೇ ಇದು, ನಿಮ್ಮ ಭಾವ ರೂಪಾಯಿನ ಡಬ್ಬೀಲಿ ಹಾಕಿದಾನೆ?" ಎಂದೆ.

"ಹಾಕಿದಾನೆ ಅಲ್ಲ, ಹಾಕಿದಾರೆ," ಎಂದಳು ಮೀರಾ. "ಗ್ರೇಡಿಂಗ್ ಅಂತೆ. ನಾಣ್ಯ ಕಳಿಸಿದ್ರೆ ತಜ್ಞರು ಭೂತಗನ್ನಡಿ ಹಿಡಿದು ನೋಡಿ, ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಮತ್ತೆ ಯಾರೂ ಮುಟ್ಟದ ಹಾಗೆ ಸೀಲ್ ಮಾಡಿ ಕಳಿಸ್ತಾರಂತೆ. ಭಾವಂದಕ್ಕೆ ಅರವತ್ತೆರಡು ಬಂದಿದೆ."

"ಎಪ್ಪತ್ತಕ್ಕೆ ಅರವತ್ತೆರಡೇನಾ? ಮಿಕ್ಕ ಎಂಟು ಎಲ್ಲಿ ಹೋಯ್ತು?"

"ನಿಮಗೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ತೈದು ಬಂದಿತ್ತಲ್ಲ, ಮಿಕ್ಕ ಅರವತ್ತೈದು ಎಲ್ಲಿ ಹೋಯ್ತೋ ಅಲ್ಲಿಗೇ ಹೋಗಿರ್ಬೇಕು."

ಅಷ್ಟರಲ್ಲಿ ಗುಂಪಿನಲ್ಲಿ ಮಾವನವರ ಧ್ವನಿ ಬಂತು. "ಲಿಂಗರಾಜಪ್ಪನೋರೇ, ಭೇಷ್. ಫಸ್ಟ್ ಕ್ಲಾಸು. ನಂಜುಂಡಪ್ಪನೋರ ರಿಸಲ್ಟು ಯಾವಾಗ?"

ನನ್ನ ಪರೀಕ್ಷೆಯ ದಿನ ಗೊತ್ತಾಗಿಹೋಯಿತು. ದೇವರ ಮನೆಯ ಗೂಡಿನಿಂದ ನಮ್ಮ ರೂಪಾಯಿಯನ್ನು ತೆಗೆಸಿದೆ. ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು. ಷಡ್ಡಕನದು ಫೋಟೋದಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿತ್ತು. ನಮ್ಮದು ಫಳಫಳ ಹೊಳೆಯುತ್ತಿತ್ತು. ಬೂದಿ ಬಣ್ಣಕ್ಕೇ ಅರವತ್ತೆರಡಾದರೆ ಇದಕ್ಕೆ ಎಪ್ಪತ್ತಕ್ಕೆ ಎಪ್ಪತ್ತು, ಮೇಲೊಂದು ಪ್ರಶಂಸಾಪತ್ರವೂ ಬರಬಹುದು ಎಂದುಕೊಂಡೆ.

"ಇಷ್ಟು ಹೊಳೀತಿದೆಯಲ್ಲ, ನೀನೇನಾದ್ರೂ ತಿಕ್ಕಿದ್ಯಾ?"

"ನಾನ್ಯಾಕೆ ತಿಕ್ಕಲಿ? ಬೆಳ್ಳಿ ಸಾಮಾನು ತಿಕ್ಕೋದು ಅಕ್ಕನ ಚಾಳಿ. ನನ್ನ ಕುಂಕುಮದ ಬಟ್ಟಲು ನೋಡಿ, ಜನ ಕಬ್ಬಿಣ ಅಂದ್ಕೋತಾರೆ."

ಅದು ನಿಜ. ನಮ್ಮ ಮನೆಯಲ್ಲಿ ಬೆಳ್ಳಿಗೆ ಪೂರ್ಣ ಸ್ವಾತಂತ್ರ್ಯವಿದೆ, ಅದು ಯಾವ ಬಣ್ಣಕ್ಕೆ ಬೇಕಾದರೂ ತಿರುಗಬಹುದು. ಹಾಗಿದ್ದೂ ಈ ರೂಪಾಯಿ ಹೊಳೆಯುತ್ತಿದೆಯೆಂದರೆ ಅದು ನಾಣ್ಯದ ಸ್ವಂತ ಯೋಗ್ಯತೆ ಎಂದು ತೀರ್ಮಾನಿಸಿ, ಹತ್ತಿಯಲ್ಲಿ ಸುತ್ತಿ, ಅದೇ ಸಂಸ್ಥೆಗೆ ಕಳಿಸಿದೆ. ಶುಲ್ಕ ಕಟ್ಟುವಾಗ ಮಾತ್ರ, ಒಂದು ರೂಪಾಯಿಗೆ ಅಂಕ ಕೊಡಿಸಲು ಇಷ್ಟು ರೂಪಾಯಿಯೇ ಎಂದು ಕೈ ತಡೆಯಿತು.

ಫಲಿತಾಂಶ ಮೊದಲು ಅಂತರ್ಜಾಲದಲ್ಲಿ ಬರುತ್ತದಂತೆ. ಮಗಳು ನಿಕಿತಾ ನೋಡಿ ಹೇಳಿದಳು. ಗುಜರಾತಿಗೆ ಬಂದ ಮೇಲೆ ಅವಳ ಕನ್ನಡಕ್ಕೆ ಖಮಣ್ ಢೋಕಳದ ಒಗ್ಗರಣೆ ಬಿದ್ದಿದೆ.

"ಪಪ್ಪಾ, ನಂಬರ್ ನಥೀ."

"ನಥೀ ಅಂದ್ರೆ?"

"ನಂಬರ್ ಇಲ್ಲ. ಜೆನ್ಯೂಯಿನ್ ಅಂತೆ, ಬಟ್ ಇಂಪ್ರಾಪರ್ಲಿ ಕ್ಲೀನ್ಡ್ ಅಂತೆ."

ಅಂದರೆ ನಾಣ್ಯ ಅಸಲಿ ಹೌದು, ಆದರೆ ಯಾರೋ ಅದನ್ನು ತಿಕ್ಕಿ ಮೈಯೆಲ್ಲ ಗೀರಿದ್ದಾರೆ, ಆದ್ದರಿಂದ ಅಂಕಕ್ಕೆ ಅನರ್ಹ. ವಾರ ಕಳೆದು ಡಬ್ಬಿಯೂ ಬಂತು. ಲಿಂಗರಾಜನ ಚೀಟಿಯಲ್ಲಿ ಅಂಕಿ ಇದ್ದ ಕಡೆ ನನ್ನದರಲ್ಲಿ ಆ ಛೀಮಾರಿ ಇತ್ತು. ಮಾವನವರ ಧ್ವನಿಯೂ ಬಂತು.

"ಏನು ನಂಜುಂಡಪ್ಪನೋರೇ, ಫೇಲಂತೆ?"

ಆ ಹೊತ್ತಿನಲ್ಲಿ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. (ನಮ್ಮದು ಹನ್ನೊಂದನೇ ಮಹಡಿ, ಅದು ಅಷ್ಟು ಸುಲಭವಲ್ಲ.) ಆದರೆ ಕ್ಲೇಮ್ ವಿಭಾಗದ ಬುದ್ಧಿ ಎಚ್ಚರವಾಗಿತ್ತು. ಮೀರಾ ಬೆಳ್ಳಿ ತಿಕ್ಕುವವಳಲ್ಲ. ಅವಳ ಅಕ್ಕ ತಿಕ್ಕುವವಳು. ತಿಕ್ಕಿದವರ ನಾಣ್ಯಕ್ಕೆ ಅರವತ್ತೆರಡು, ತಿಕ್ಕದವರ ನಾಣ್ಯಕ್ಕೆ 'ತಿಕ್ಕಿದ್ದಾರೆ'. ಇದಕ್ಕಿಂತ ಪುರಾವೆ ಬೇಕೇ? ಆ ಸಂಸ್ಥೆಯ ತಜ್ಞರಿಗೆ ಕಣ್ಣೇ ಕಾಣುವುದಿಲ್ಲ.

ಅಂದಿನಿಂದ ನಾನು ನಾಣ್ಯ ಗ್ರೇಡಿಂಗ್ ಎಂಬ ಮಹಾಮೋಸದ ವಿರುದ್ಧ ಧರ್ಮಯುದ್ಧ ಸಾರಿದೆ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡಿದೆ. ಎದುರು ಮನೆಯ ಚಂದ್ರಕಾಂತಭಾಯ್ ನನ್ನ ಡಬ್ಬಿಯನ್ನು ತಿರುಗಿಸಿ ನೋಡಿ, "ಪ್ಲಾಸ್ಟಿಕ್ ನೋ ಭಾವ್ ಕೆಟ್ಲೋ?" ಎಂದರು. ಬರೀ ಪ್ಲಾಸ್ಟಿಕ್ಕಿಗೆ ಎಷ್ಟು ಬೆಲೆ ಎಂಬ ಅವರ ಆ ಒಂದು ಮಾತಿನಲ್ಲಿ ನನ್ನ ಇಡೀ ವಾದ ಅಡಗಿತ್ತು. ಅದನ್ನು ನಾನು ನನ್ನದೇ ಮಾತೆಂದು ಬಹಳ ಕಡೆ ಬಳಸಿದೆ.

"ಇನ್ನೂ ಎಷ್ಟು ದಿನ ರೀ ಇದು?" ಎಂದಳು ಮೀರಾ, ಒಂದು ಭಾನುವಾರ ನಾನು ತರಕಾರಿಯವನಿಗೂ ವಿವರಿಸಿ ಬಂದ ಮೇಲೆ. "ಬದನೆಕಾಯಿ ತನ್ನಿ ಅಂದ್ರೆ ಅವನ ತಲೆ ತಿಂದು ಬಂದಿದೀರಿ."

"ಸತ್ಯ ಗೆಲ್ಲೋವರೆಗೂ."

"ಸತ್ಯ ಗೆಲ್ಲೋ ಹೊತ್ತಿಗೆ ಬದನೆಕಾಯಿ ತಂದಿರಿ ಸಾಕು."

ಸತ್ಯಕ್ಕೆ ವೇದಿಕೆ ಸಿಕ್ಕಿದ್ದು ಮೇ ತಿಂಗಳಲ್ಲಿ, ವಡೋದರಾದಲ್ಲಿ. ಮೀರಾಳ ಚಿಕ್ಕಪ್ಪನ ಮಗ ಶರತ್ ಅಲ್ಲಿ ರೈಲ್ವೆಯಲ್ಲಿದ್ದಾನೆ, ಅವನ ಮನೆಯ ಗೃಹಪ್ರವೇಶ. ಅಹಮದಾಬಾದಿನಿಂದ ನಾವು ಹೋದೆವು, ಸೂರತ್ತಿನಿಂದ ಅವರು ಬಂದರು. ಲಿಂಗರಾಜ ಡಬ್ಬಿಯನ್ನು ಅಂಗಿಯ ಜೇಬಿನಲ್ಲೇ ತಂದಿದ್ದ. ಊಟಕ್ಕೆ ಎಲೆ ಹಾಕುವ ಮೊದಲು ಅದು ಮಂಗಳಾರತಿ ತಟ್ಟೆಯ ಹಾಗೆ ಕೈಯಿಂದ ಕೈಗೆ ಸುತ್ತುತ್ತಿತ್ತು. ನನ್ನ ಹತ್ತಿರ ಬಂದಾಗ ನಾನು ಅದನ್ನು ತಡೆದು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಅವನ ಹೆಂಡತಿಯನ್ನೇ ಪಾಟೀಸವಾಲಿಗೆ ಕರೆದೆ.

"ಇಂದಿರಕ್ಕ, ನೀವು ಬೆಳ್ಳಿ ಸಾಮಾನು ಹೇಗೆ ತೊಳೀತೀರಿ?"

ಇಂದಿರಕ್ಕನ ಮುಖ ಅರಳಿತು. ಅವರನ್ನು ಯಾರೂ ಇಂಥ ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ.

"ವರ್ಷಕ್ಕೊಂದ್ಸಲ, ವರಮಹಾಲಕ್ಷ್ಮಿಗೆ. ವಿಭೂತಿ ಹಚ್ಚಿ, ಒದ್ದೆ ಬಟ್ಟೇಲಿ ಗಸಗಸ ತಿಕ್ಕಬೇಕು. ನಮ್ಮ ಮುಖ ಅದರಲ್ಲಿ ಕಾಣ್ಬೇಕು, ಅಲ್ಲೀವರೆಗೂ ಬಿಡಬಾರ್ದು."

"ಮಾವ ಕೊಟ್ಟ ರೂಪಾಯಿನೂ?"

"ಅದನ್ನ ಬಿಡ್ತೀನಾ? ಮೊದಲು ಅದೇ. ಮದುವೆ ಆದ ವರ್ಷದಿಂದ ತಪ್ಪಿಸಿಲ್ಲ."

"ಇಂದಿರಾ, ನೀನು ಅಡುಗೆಯವರ ಹತ್ತಿರ ಏನೋ ಕೇಳ್ಬೇಕು ಅಂತಿದ್ಯಲ್ಲ," ಎಂದ ಲಿಂಗರಾಜ. ಅಷ್ಟರಲ್ಲಿ ಕಾಲ ಮಿಂಚಿತ್ತು.

"ಕೇಳಿದಿರಾ," ಎಂದು ನಾನು ಎದ್ದು ನಿಂತೆ. "ವಿಭೂತಿಯಲ್ಲಿ ತಿಕ್ಕಿ ತಿಕ್ಕಿ ಇಟ್ಟದ್ದಕ್ಕೆ ಅರವತ್ತೆರಡು. ಕೈಯಿಂದ ಮುಟ್ಟದೆ ಇಟ್ಟದ್ದಕ್ಕೆ ತಿಕ್ಕಿದ್ದಾರೆ ಅನ್ನೋ ಅಪವಾದ. ಇದು ತಜ್ಞರ ಅಭಿಪ್ರಾಯವೋ ಗಿಣಿಶಾಸ್ತ್ರವೋ? ಲಿಂಗರಾಜ್ ಅವರೇ, ನೀವು ಗುಣಮಟ್ಟ ವಿಭಾಗದವರು. ನಿಮ್ಮ ಕಾರ್ಖಾನೆಗೆ ಬಂದ ಮಾಲನ್ನ, ಬೇರೆಯವರು ಕೊಟ್ಟ ಕಾಗದ ನಂಬಿ ಒಳಗೆ ಬಿಡ್ತೀರಾ? ನಿಮ್ಮ ಲ್ಯಾಬಿನಲ್ಲಿ ಸ್ವಂತ ಪರೀಕ್ಷೆ ಮಾಡಲ್ವಾ? ಹಾಗಿದ್ದವರು ಈ ಡಬ್ಬಿನ ಮಾತ್ರ ಕಣ್ಣುಮುಚ್ಚಿ ಹೇಗೆ ನಂಬಿದ್ರಿ?"

ಶರತ್ ಚಪ್ಪಾಳೆ ತಟ್ಟಿದ. ಇನ್ನಿಬ್ಬರು ತಟ್ಟಿದರು. ಲಿಂಗರಾಜ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎಲೆಯ ಮುಂದೆ ತಲೆತಗ್ಗಿಸಿ ಕೂತ. ಅವನು ಎರಡನೇ ಹೋಳಿಗೆ ಬೇಡವೆಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅವನ ಪಾಲಿನದನ್ನೂ ನಾನೇ ತಿಂದೆ.

ವಾಪಸು ಬರುವಾಗ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ನಾನು ಹಾಡು ಗುನುಗುತ್ತಿದ್ದೆ. ನಿಕಿತಾ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಮೀರಾ ಬಹಳ ಹೊತ್ತಿನಿಂದ ಸುಮ್ಮನಿದ್ದಳು. ಮೀರಾ ಸುಮ್ಮನಿದ್ದರೆ ನಾನು ಹಾಡಬಾರದೆಂಬುದು ಅನುಭವದ ಮಾತು, ಅಂದು ಮರೆತಿದ್ದೆ.

"ನಿಮ್ಮ ವಾದ ಚೆನ್ನಾಗಿತ್ತು ರೀ," ಎಂದಳು.

"ಗೊತ್ತು."

"ಅಕ್ಕ ವಿಭೂತಿ ಅಂದಾಗ್ಲೇ ನನಗೆ ಒಂದು ವಿಷಯ ಹೊಳೀತು. ಅಲ್ಲೇ ಹೇಳೋಣ ಅಂದ್ರೆ ನೀವು ಭಾಷಣಕ್ಕೆ ಎದ್ದಿದ್ರಿ."

"ಏನದು?"

"ಆ ಅರವತ್ತೆರಡು ಬಂದಿರೋದು ನಮ್ಮ ರೂಪಾಯಿಗೆ."

ನಾನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಅಲ್ಲಿ ನಿಲ್ಲಿಸಬಾರದೆಂಬ ಫಲಕದ ಕೆಳಗೇ ನಿಲ್ಲಿಸಿದೆ.

ವಿಷಯ ಇಷ್ಟು. ಮದುವೆಯಾದ ಮೇಲೆ ಅಕ್ಕತಂಗಿಯರು ಒಂದೇ ರಾಜ್ಯದಲ್ಲಿದ್ದದ್ದು ಹೋದ ವರ್ಷವೇ ಮೊದಲು. ಆದ್ದರಿಂದ ಹೋದ ಗೌರಿ ಹಬ್ಬದಲ್ಲಿ ಮೊದಲ ಬಾರಿಗೆ ಎದುರಾಬದುರು ಕೂತು ಮೊರದ ಬಾಗಿನ ಕೊಟ್ಟುಕೊಂಡಿದ್ದರು. ಬಾಗಿನದಲ್ಲಿ ಒಂದು ಬೆಳ್ಳಿ ನಾಣ್ಯ ಇರಬೇಕೆಂಬುದು ತೀರಿಹೋದ ನಮ್ಮತ್ತೆಯ ನೇಮ. ಇಬ್ಬರ ಹತ್ತಿರವೂ ಇದ್ದದ್ದು ಅದೊಂದೇ ಬೆಳ್ಳಿ ನಾಣ್ಯ. ಇವಳು ನಮ್ಮ ರೂಪಾಯಿಯನ್ನು ಅಕ್ಕನ ಮೊರದಲ್ಲಿಟ್ಟಳು, ಅಕ್ಕ ತಮ್ಮ ರೂಪಾಯಿಯನ್ನು ಇವಳ ಮೊರದಲ್ಲಿಟ್ಟರು. ನಮ್ಮ ಬೂದಿ ಬಣ್ಣದ ದೊರೆ ಸೂರತ್ತಿಗೆ ಹೋದ. ಅವರ ವಿಭೂತಿ ಸ್ನಾನದ ದೊರೆ ಬೋಪಾಲ್‌ಗೆ ಬಂದ. ವರಮಹಾಲಕ್ಷ್ಮಿ ಬರುವುದು ಗೌರಿಗೆ ಮುಂಚೆ. ಹೀಗಾಗಿ ನಮ್ಮದಕ್ಕೆ ಇಂದಿರಕ್ಕನ ಕೈ ಸೋಕುವ ಮೊದಲೇ ಅದು ಡಬ್ಬಿ ಸೇರಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಬಾಗಿನ ಕೊಟ್ಟ ಮೇಲೆ ಅದರ ನೆನಪು ಯಾರಿಗಿರುತ್ತೆ? ನೀವಂತೂ ಒಂದಿನಾನೂ ಮೊರದೊಳಗೆ ಇಣುಕಿ ನೋಡಿದವರಲ್ಲ."

ಅದೂ ನಿಜ. ಮೊರದೊಳಗೆ ಏನಿದೆಯೆಂದು ನೋಡಿದ ಗಂಡಸು ನಮ್ಮ ವಂಶದಲ್ಲೂ ಇಲ್ಲ, ಲಿಂಗರಾಜನ ವಂಶದಲ್ಲೂ ಇರಲಾರ.

ಒಂದು ಟೋಲ್ ನಾಕಾದಿಂದ ಇನ್ನೊಂದು ಟೋಲ್ ನಾಕಾ ಮುಟ್ಟುವುದರೊಳಗೆ ನಾನು ಮತಾಂತರಗೊಂಡಿದ್ದೆ. ಎಂಥ ಸಂಸ್ಥೆಯದು. ಎಂಥ ತಜ್ಞರು. ತಿಕ್ಕಿದ ನಾಣ್ಯವನ್ನು ತಿಕ್ಕಿದ್ದೆಂದರು, ತಿಕ್ಕದ್ದಕ್ಕೆ ಅರವತ್ತೆರಡು ಕೊಟ್ಟರು. ನಾವಿಬ್ಬರು ಗಂಡಂದಿರು ನಮ್ಮ ಮನೆಯ ನಾಣ್ಯ ಯಾವುದೆಂದು ಗುರುತಿಸಲಾರದೆ ಹೋದೆವು, ಅವರು ಯಾರ ಮನೆಯಲ್ಲಿ ವಿಭೂತಿ ಬಳಸುತ್ತಾರೆಂಬುದನ್ನು ಕೂತಲ್ಲೇ ಕಂಡುಹಿಡಿದಿದ್ದರು. ಭಕ್ತಿಯಿಂದ ಕೈ ಮುಗಿಯೋಣವೆನಿಸಿತು, ಸ್ಟಿಯರಿಂಗ್ ಬಿಡುವಂತಿರಲಿಲ್ಲ.

"ಈಗ ಅಕ್ಕನಿಗೆ ಫೋನ್ ಮಾಡಿ ಹೇಳ್ತೀನಿ," ಎಂದಳು ಮೀರಾ.

"ಹೇಳಿದ್ಯೋ, ಕೆಟ್ಟೆ. ಈ ಗೌರಿಗೂ ಬಾಗಿನ ಕೊಟ್ಕೋತೀರಾ ತಾನೇ? ಅಕ್ಕ ಏನಿಡ್ತಾರೆ?"

"ಇರೋದು ಅದೊಂದೇ. ಅದನ್ನೇ ಇಡ್ತಾಳೆ."

"ನೀನೂ ಇರೋದನ್ನೇ ಇಡು. ನಮ್ಮ ರೂಪಾಯಿ ಅರವತ್ತೆರಡು ಅಂಕ ಹೊತ್ತುಕೊಂಡು ಮಾವನ ಕಣ್ಣೆದುರೇ ಮನೆಗೆ ಬರುತ್ತೆ. ನಾವು ಬಾಯಿ ಮುಚ್ಚಿಕೊಂಡಿದ್ರೆ ಸಾಕು."

"ನೀವು? ಬಾಯಿ ಮುಚ್ಚಿಕೊಂಡು?" ಎಂದು ಮೀರಾ ಕಿಟಕಿಯ ಕಡೆ ತಿರುಗಿದಳು.

ಮುಚ್ಚಿಕೊಂಡೆ. ಅದೇನೂ ಸುಲಭವಾಗಿರಲಿಲ್ಲ. ನನ್ನ ವಡೋದರಾ ಭಾಷಣದ ಕೀರ್ತಿ ಹಬ್ಬಿ, ನಮ್ಮ ಕನ್ನಡ ಸಂಘದವರು ಗ್ರೇಡಿಂಗ್ ಮೋಸದ ಬಗ್ಗೆ ಉಪನ್ಯಾಸ ಕೊಡಿ ಎಂದು ಮನೆಗೇ ಬಂದರು. ಗಂಟಲು ನೋವೆಂದೆ. ಮುಂದಿನ ತಿಂಗಳು ಮತ್ತೆ ಬಂದರು. ಮತ್ತೆ ಗಂಟಲು ನೋವೆಂದೆ. ಅವರಲ್ಲೊಬ್ಬರು ಒಳ್ಳೆಯ ಡಾಕ್ಟರರ ವಿಳಾಸ ಕೊಟ್ಟು ಹೋದರು.

ಹಬ್ಬಕ್ಕೆ ಮಾವನವರು ಪೆಟ್ಟಿಗೆ ಸಮೇತ ಬಂದಿಳಿದರು. ಸೂರತ್ತಿನಿಂದ ಲಿಂಗರಾಜ ದಂಪತಿಗಳೂ ಬಂದರು. ಈಗ ಒಂದೇ ಅಪಾಯ ಉಳಿದಿತ್ತು. ಬಾಗಿನ ಕೈಬದಲಾದ ಮೇಲೆ ಲಿಂಗರಾಜ ತಕರಾರು ತೆಗೆದರೆ? ಆ ಬಾಗಿಲನ್ನೂ ಮುಚ್ಚಬೇಕಿತ್ತು. ಬಾಗಿಲು ಮುಚ್ಚುವುದು ನನ್ನ ಕಸುಬು, ಅದಕ್ಕೇ ನನಗೆ ಸಂಬಳ. ಗೌರಿಯ ಬೆಳಿಗ್ಗೆ ಕಾಫಿ ಕುಡಿಯುವಾಗ ಎಲ್ಲರ ಮುಂದೆ ಹೇಳಿದೆ.

"ಮಾವ, ಒಂದು ನಿಯಮ ಮಾಡ್ಕೊಳ್ಳೋಣ. ಪೂಜೆ, ಬಾಗಿನ ಎಲ್ಲ ಮುಗಿದ ಮೇಲೆ ಯಾರ ಮನೆಯವರ ಕೈಯಲ್ಲಿ ಯಾವ ರೂಪಾಯಿ ಇದೆಯೋ ಅದೇ ಅವರದು. ಅದನ್ನ ನೋಡಿ ನೀವು ತೀರ್ಪು ಕೊಡಿ. ಆಮೇಲೆ ಅದು ಹಾಗಿತ್ತು ಹೀಗಿತ್ತು ಅಂತ ಯಾರೂ ಹಳೇ ಕಥೆ ತೆಗೆಯೋ ಹಾಗಿಲ್ಲ."

"ಆಗ್ಲಿ," ಎಂದರು ಮಾವನವರು.

"ನಂದೇನೂ ಅಭ್ಯಂತರ ಇಲ್ಲ," ಎಂದ ಲಿಂಗರಾಜ. ಅವನು ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಅನುಮಾನವೇ ನನ್ನ ಅನ್ನ, ಆದರೆ ಅಂದು ಉಪವಾಸವಿದ್ದೆ.

ಪೂಜೆ ಮುಗಿಯಿತು. ಅಕ್ಕತಂಗಿಯರು ಎದುರುಬದುರಾಗಿ ಕೂತು, ಸೆರಗು ಹಿಡಿದು, ಮೊರಗಳನ್ನು ಕೊಟ್ಟು ತೆಗೆದುಕೊಂಡರು. ಮೀರಾ ಮೊರವನ್ನು ಕೆಳಗಿಡುವ ಮೊದಲೇ ನಾನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ನಮ್ಮ ವಂಶದಲ್ಲಿ ಮೊರದ ಮುಚ್ಚಳ ತೆಗೆದ ಮೊದಲ ಗಂಡಸು ನಾನು. ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಬಳೆ, ಬಿಚ್ಚೋಲೆ, ರವಿಕೆ ಕಣ ಎಲ್ಲ ಇತ್ತು. ಡಬ್ಬಿ ಇರಲಿಲ್ಲ. ಅಕ್ಕಿಯಲ್ಲಿ ಕೈಯಾಡಿಸಿದೆ. ಬರಿ ರೂಪಾಯಿ ಸಿಕ್ಕಿತು. ಹೆಬ್ಬೆರಳು ಒಂದು ಗುಳಿಯೊಳಗೆ ಇಳಿಯಿತು.

ಬೆಳಕಿಗೆ ಹಿಡಿದು ನೋಡಿದೆ. ಜಾರ್ಜ್ ದೊರೆಯ ಕೆನ್ನೆಯ ನಟ್ಟನಡುವೆ ಒಂದು ದುಂಡಗಿನ ಹಳ್ಳ, ಗೋಲಿ ಗುಂಡಿನಿಂದ ಒತ್ತಿದ ಹಾಗೆ.

"ಅರೆ, ಇದು ನಿಮ್ಮ ಮೊರದಲ್ಲಿ ಯಾಕಿದೆ?" ಎಂದ ಲಿಂಗರಾಜ, ಬಗ್ಗಿ ನೋಡಿ.

"ಹೋದ ವರ್ಷಾನೂ ಹಾಗೇ ಅಲ್ವೇ ಕೊಟ್ಟಿದ್ದು," ಎಂದರು ಇಂದಿರಕ್ಕ. "ಅವರದು ನಮಗೆ, ನಮ್ಮದು ಅವರಿಗೆ."

"ಅದಿರ್ಲಿ, ಇದಕ್ಕೇನಾಯ್ತು?" ನನ್ನ ಗಂಟಲು ಈಗ ನಿಜವಾಗಿಯೂ ನೋಯುತ್ತಿತ್ತು. "ಡಬ್ಬಿ ಎಲ್ಲಿ?"

ಲಿಂಗರಾಜ ನನ್ನ ಭುಜದ ಮೇಲೆ ಕೈಯಿಟ್ಟ. ಅವನ ಕಣ್ಣಿನಲ್ಲಿ ನನ್ನ ಬಗ್ಗೆ ಗೌರವವಿತ್ತು, ನಮ್ಮ ಸಂಬಂಧದಲ್ಲಿ ಇದೇ ಮೊದಲು.

"ನಿಮ್ಮ ವಡೋದರಾ ಮಾತು ನನ್ನ ಕಣ್ಣು ತೆರೆಸ್ತು ನಂಜುಂಡ ಅವರೇ. ಬೇರೆಯವರು ಕೊಟ್ಟ ಕಾಗದ ನಂಬಿ ನಾವು ಒಂದು ಪೈಪನ್ನೂ ಒಳಗೆ ಬಿಡಲ್ಲ. ಸುತ್ತಿಗೆ ತಗೊಂಡು ಡಬ್ಬಿ ಒಡೆದೆ. ನಮ್ಮ ಲ್ಯಾಬಿಗೆ ಒಯ್ದು ಸ್ವಂತ ಪರೀಕ್ಷೆ ಮಾಡಿದೆ. ಗಡಸುತನದ ಪರೀಕ್ಷೆ. ಒಂದು ಉಕ್ಕಿನ ಗುಂಡು ಇಳಿದು ಒತ್ತುತ್ತೆ, ಗುಳಿ ಎಷ್ಟಗಲ ಬಿತ್ತು ಅಂತ ಅಳೆದರೆ ಲೋಹದ ಯೋಗ್ಯತೆ ಗೊತ್ತಾಗುತ್ತೆ. ಭಾರ ಉಕ್ಕಿಗೆ ಅಂತ ಇಟ್ಟಿದ್ದು, ಬೆಳ್ಳಿಗೆ ಸ್ವಲ್ಪ ಹೆಚ್ಚಾಯ್ತು."

"ಕೆನ್ನೆಗೇ ಯಾಕೆ?"

"ಸಮತಟ್ಟು ಜಾಗ ಬೇಕು. ಬೇರೆ ಕಡೆ ಅಕ್ಷರ ಇತ್ತು."

ಇದೊಂದನ್ನೂ ಕೇಳಿರದ ಮಾವನವರು ಆಗ ಕೋಣೆಯಿಂದ ಪೆಟ್ಟಿಗೆ ತಂದು, ಕನ್ನಡಕ ಒರೆಸಿಕೊಂಡು ಮಧ್ಯೆ ಕೂತರು. ಮೊದಲು ಇಂದಿರಕ್ಕನ ಕೈಯಲ್ಲಿದ್ದ ರೂಪಾಯಿ ತೆಗೆದುಕೊಂಡರು. (ಅದನ್ನು ಬಾಗಿನಕ್ಕೆ ಇಡಲು ಮೀರಾ ಅದರ ಡಬ್ಬಿಯನ್ನೂ ಒಡೆದಿದ್ದಳು. ಛೀಮಾರಿಯ ಚೀಟಿ ಯಾರಿಗೆ ಬೇಕು ಎಂದು ನಾನೇ ಒಡೆಯಲು ಹೇಳಿದ್ದೆ.) ಬರಿಗೈಯಲ್ಲಿ ಹಿಡಿದು ಅತ್ತ ಇತ್ತ ಹೊರಳಿಸಿದರು. ಅದು ದೀಪದ ಬೆಳಕಿಗೆ ಪಾದರಸದ ಹಾಗೆ ಹೊಳೆಯಿತು.

"ಆಹಾ. ನಾನು ಕೊಟ್ಟ ದಿನಕ್ಕಿಂತ ಚೆನ್ನಾಗಿಟ್ಟಿದೀರಿ ಲಿಂಗರಾಜಪ್ಪನೋರೇ. ಹೊಚ್ಚ ಹೊಸದು."

ಆಮೇಲೆ ನನ್ನದನ್ನು ತೆಗೆದುಕೊಂಡರು. ಬೆರಳಿಂದ ಸವರಿದರು. ಬೆರಳು ಗುಳಿಯಲ್ಲಿ ನಿಂತಿತು.

"ನಂಜುಂಡಪ್ಪನೋರೇ, ಇದಕ್ಕೆ ಮೊಳೆ ಹೊಡೆದು ಗೋಡೆಗೆ ನೇತುಹಾಕಿದ್ರಾ?"

ಬಾಯಿ ಬಿಟ್ಟರೆ ಬಣ್ಣಗೇಡು. ಹಳೇ ಕಥೆ ತೆಗೆಯುವ ಹಾಗಿಲ್ಲವೆಂದು ಬೆಳಿಗ್ಗೆ ಕಾನೂನು ಮಾಡಿದವನು ನಾನೇ. ಲಿಂಗರಾಜನಿಗೂ ಆಗ ಲೆಕ್ಕ ಹೊಳೆದಿರಬೇಕು. ಅವನು ಆ ಹೊಳೆಯುವ ರೂಪಾಯಿಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಸೂರನ್ನು ನೋಡತೊಡಗಿದ. ಮೀರಾ ಮೊರದಿಂದ ಬೆಲ್ಲದಚ್ಚು ತೆಗೆದು ಸುಮ್ಮನೆ ನನ್ನ ಕೈಯಲ್ಲಿಟ್ಟಳು.

ಪೆಟ್ಟಿಗೆ ಲಿಂಗರಾಜನಿಗೆ ಹೋಯಿತು.

ಅಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅವನು ಅಲ್ಲೇ ಮುಚ್ಚಳ ತೆಗೆದು, ಒಂದು ಹಳೆಯ ತಾಮ್ರದ ಕಾಸನ್ನು ಎತ್ತಿ, ಕಿಟಕಿಯ ಕಡೆ ಹಿಡಿದು, ಹೆಬ್ಬೆರಳಿನಿಂದ ಅದರ ಮೈ ಸವರುತ್ತ ಏನನ್ನೋ ಹುಡುಕಿದ. ಅವನು ಹುಡುಕುತ್ತಿದ್ದದ್ದು ಸಮತಟ್ಟು ಜಾಗವನ್ನು.

"ಮಾವ, ಇವನ್ನೆಲ್ಲ ಒಂದ್ಸಲ ನಮ್ಮ ಲ್ಯಾಬಿಗೆ ಹಾಕ್ತೀನಿ. ಯಾವುದು ಅಸಲಿ, ಯಾವುದು ನಕಲಿ, ಎಲ್ಲ ಇತ್ಯರ್ಥ ಆಗೋಗುತ್ತೆ."

"ಹಾಕಿ ಹಾಕಿ," ಎಂದರು ಮಾವನವರು. ಪಾಪ, ಅವರಿಗೇನು ಗೊತ್ತು, ಪರೀಕ್ಷೆಯೆಂದರೆ ಭೂತಗನ್ನಡಿ ಎಂದುಕೊಂಡಿದ್ದರು.

ಒಂದೊಂದನ್ನೇ ನನ್ನ ಅಂಗೈ ಮೇಲಿಟ್ಟು ಕಥೆ ಹೇಳಿದ್ದ ಆ ನಾಣ್ಯಗಳ ಮೇಲೆಲ್ಲ ಉಕ್ಕಿನ ಗುಂಡು ಇಳಿಯುವುದು ಕಣ್ಣಿಗೆ ಕಟ್ಟಿತು. ಷಡ್ಡಕನ ಮೇಲಿನ ಹೊಟ್ಟೆಕಿಚ್ಚು ನನಗೆ ಚೆನ್ನಾಗಿ ಪರಿಚಯ. ಇದು ಅದಲ್ಲ.

"ಬೇಡ," ಎಂದೆ. "ಲ್ಯಾಬಿಗೆ ಬೇಡ. ಆ ಗ್ರೇಡಿಂಗ್ ಸಂಸ್ಥೆಗೇ ಕಳಿಸಿ. ಅವರು ಹೇಳೋದು ಸತ್ಯ."

ಲಿಂಗರಾಜ ಕಾಸನ್ನು ಕೆಳಗಿಟ್ಟ. "ಅಂದ್ರೆ, ನೀವು ಕಳಿಸಿದ್ದನ್ನ ತಿಕ್ಕಿದಾರೆ ಅಂದದ್ದು?"

"ಸರಿ."

"ನಾನು ಕಳಿಸಿದ್ದಕ್ಕೆ ಅರವತ್ತೆರಡು ಕೊಟ್ಟದ್ದು?"

"ಅದೂ ಸರಿ."

"ಹಾಗಾದ್ರೆ ವಡೋದರಾದಲ್ಲಿ ನೀವು ಹೇಳಿದ್ದು?"

"ತಪ್ಪು," ಎಂದೆ. "ಪೂರ್ತಿ ತಪ್ಪು."

"ಇನ್ನೊಂದ್ಸಲ ಹೇಳಿ ರೀ," ಎಂದಳು ಮೀರಾ. "ಫೋನಲ್ಲಿ ರೆಕಾರ್ಡಿಂಗ್ ಆನ್ ಆಗಿರ್ಲಿಲ್ಲ."

ಇನ್ನೊಂದು ಸಲ ಹೇಳಿದೆ. ಅದು ಆ ಸಂಜೆಯೇ ಗುಂಪಿಗೂ ಹೋಯಿತು, ವಡೋದರಾದಿಂದ ಶರತ್ ಚಪ್ಪಾಳೆಯ ಚಿತ್ರ ಹಾಕಿದ.

ಮಾವನವರು ಇಬ್ಬರ ಮಾತನ್ನೂ ತೂಗಿ ನೋಡಿದರು. "ಆಗ್ಲಿ, ಅಲ್ಲಿಗೇ ಕಳಿಸಿ. ಆದ್ರೆ ಒಂದು ಮಾತು. ಲಿಂಗರಾಜಪ್ಪನೋರು ಅವರ ಫ್ಯಾಕ್ಟರೀಲಿ ಪುಕ್ಕಟೆ ಮಾಡಿಸ್ತಿದ್ರು. ಅದು ಬೇಡ ಅಂದೋರು ನೀವು. ಖರ್ಚು ನೀವೇ ನೋಡ್ಕೊಳ್ಳಿ."

"ನ್ಯಾಯ," ಎಂದ ಲಿಂಗರಾಜ.

ಹಬ್ಬ ಮುಗಿದ ಸೋಮವಾರ, ಪ್ರತಿಯೊಂದು ನಾಣ್ಯವನ್ನೂ ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆ ಹೊತ್ತುಕೊಂಡು ಕೊರಿಯರ್ ಕಚೇರಿಗೆ ಹೋದೆ. ಮಾಲೀಕರ ಹೆಸರು ಕೇಳಿದರು, ಲಿಂಗರಾಜ ಎಂದೆ. ಹಣ ಕೊಡುವವರ ಹೆಸರು ಕೇಳಿದರು, ನಂಜುಂಡ ಎಂದೆ. ಕಿಟಕಿಯ ಹಿಂದಿನ ಹುಡುಗಿ ಪೆಟ್ಟಿಗೆಯನ್ನು ತೂಕಕ್ಕಿಟ್ಟು, ದಾರಿಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಇರಲಿ, ವಿಮೆ ಮಾಡಿಸುತ್ತೀರಾ ಎಂದಳು.

ಮಾಡಿಸಿದೆ.